ಪವರ್ ಮೀಟರ್ ಇಲ್ಲದೆ ಥ್ರೆಶೋಲ್ಡ್ ತಿಳಿಯುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿ ಇಳಿದು, ತಪ್ಪಲಿನ ಟೀ ಅಂಗಡಿಯ ಮುಂದೆ ಸೈಕಲ್ ಒರಗಿಸುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಪವರ್ ಮೀಟರ್ ಇಲ್ದೆ ನಮ್ ಥ್ರೆಶೋಲ್ಡ್ ಎಷ್ಟು ಅಂತ ಹೆಂಗ್ ಸರ್ ಗೊತ್ತಾಗೋದು?" ಪವರ್ ಮೀಟರ್ ಎಂದರೆ ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಸಾಧನ; ಥ್ರೆಶೋಲ್ಡ್ ಎಂದರೆ, ಸ್ಥೂಲವಾಗಿ, ಬಹಳ ಹೊತ್ತು ಹಿಡಿದಿಡಬಹುದಾದ ಬಿರುಸಿನ ಮಿತಿ. ಕೇಳುವವರಲ್ಲಿ ಹೆಚ್ಚಿನವರು ಒಂದೆರಡು ವರ್ಷಗಳಿಂದ ಸೈಕಲ್ ತುಳಿಯುತ್ತಿರುವವರು. ಎದೆಗೆ ಕಟ್ಟಿಕೊಳ್ಳುವ ಹೃದಯ ಬಡಿತದ ಪಟ್ಟಿ ಅವರ ಬಳಿ ಇರುತ್ತದೆ, ಬೆಟ್ಟ ಹತ್ತುವಾಗ ಅದು ತೋರಿಸಿದ ಅಂಕಿಯನ್ನೇ ತಮ್ಮ ಥ್ರೆಶೋಲ್ಡ್ ಎಂದು ಅವರು ಅರ್ಧ ನಂಬಿಯೂ ಇರುತ್ತಾರೆ. ಪವರ್ ಮೀಟರ್ ಇಲ್ಲದೆಯೂ ತಿಳಿಯಬಹುದು, ಆದರೆ ಬೆಟ್ಟ ಹತ್ತಿ ತಿಳಿಯುವುದು ಕಷ್ಟ ಎಂಬುದು ನನ್ನ ಉತ್ತರ. ಎರಡನೆಯ ಮಾತನ್ನು ಮೈಸೂರಿನ ಸವಾರರು ಸುಲಭವಾಗಿ ಒಪ್ಪುವುದಿಲ್ಲ.

ಮೊದಲು ಲ್ಯಾಕ್ಟೇಟ್ ವಿಷಯ, ಏಕೆಂದರೆ ಥ್ರೆಶೋಲ್ಡ್ ಅನ್ನು ಗುರುತಿಸುವುದು ಅದರಿಂದಲೇ. ಸ್ನಾಯು ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವಾಗ ಲ್ಯಾಕ್ಟೇಟ್ ಹುಟ್ಟುತ್ತದೆ. ನಾವು ಸುಮ್ಮನೆ ಕುಳಿತಿರುವಾಗಲೂ ಅದು ರಕ್ತದಲ್ಲಿ ಲೀಟರಿಗೆ ಸುಮಾರು 1 ಮಿಲಿಮೋಲ್‌ನಷ್ಟು ಇದ್ದೇ ಇರುತ್ತದೆ. ಹಾಗೆ ಹುಟ್ಟಿದ್ದೆಲ್ಲ ಕಸವಾಗಿ ಉಳಿಯುವುದಿಲ್ಲ. ಹೃದಯವೂ ದಣಿವು ತಾಳುವ ಸ್ನಾಯುತಂತುಗಳೂ ಅದನ್ನೇ ಇಂಧನವಾಗಿ ಉರಿಸುತ್ತವೆ, ಯಕೃತ್ತು ಅದನ್ನು ಮರಳಿ ಗ್ಲೂಕೋಸ್ ಆಗಿ ಮಾರ್ಪಡಿಸುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ಈ ಮಾತನ್ನು ಹೇಳುತ್ತಾ ಬಂದಿದ್ದರೂ, ಬೆಟ್ಟ ಹತ್ತಿದ ಮರುದಿನ ತೊಡೆ ನೋಯುವುದಕ್ಕೆ "ಲ್ಯಾಕ್ಟಿಕ್ ಆಸಿಡ್ ಸೇರ್ಕೊಂಡಿದೆ" ಎಂಬ ಮಾತು ನಮ್ಮಲ್ಲಿ ಇನ್ನೂ ಹೋಗಿಲ್ಲ. ಇಳಿದು ಬಂದ ಗಂಟೆಯೊಂದರ ಒಳಗೆ ಅದು ಬಹುಮಟ್ಟಿಗೆ ಮೊದಲಿನ ಮಟ್ಟಕ್ಕೆ ಮರಳಿರುತ್ತದೆ. ಮರುದಿನದ ನೋವಿನ ಕಾರಣವೇ ಬೇರೆ.

ಮಂಡ್ಯದ ಕಡೆಯವರಿಗೆ ಥ್ರೆಶೋಲ್ಡ್ ಅನ್ನು ವಿವರಿಸುವುದು ನನಗೆ ಸುಲಭ, ಏಕೆಂದರೆ ಮಳೆಗಾಲದಲ್ಲಿ ಪತ್ರಿಕೆ ತೆರೆದು ಕೆಆರ್‌ಎಸ್‌ನ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ನೋಡದವರು ಅಲ್ಲಿ ಕಡಿಮೆ. ಒಳಹರಿವು 10,000 ಕ್ಯೂಸೆಕ್ ಇದ್ದು ಹೊರಹರಿವೂ ಅಷ್ಟೇ ಇದ್ದರೆ ಅಣೆಕಟ್ಟೆಯ ನೀರಿನ ಮಟ್ಟ ಇದ್ದಲ್ಲೇ ಇರುತ್ತದೆ. ಅದನ್ನು ಕಂಡು ಹೊಳೆ ಬತ್ತಿದೆಯೆಂದು ಯಾರೂ ಹೇಳುವುದಿಲ್ಲ. ರಕ್ತದ ಲ್ಯಾಕ್ಟೇಟ್ ಕೂಡ ಹೀಗೆಯೇ. ನಾವು ಬಿರುಸಾಗಿ ತುಳಿದಂತೆ ಒಳಹರಿವು ಏರುತ್ತದೆ, ಒಂದು ಮಿತಿಯವರೆಗೆ ಹೊರಹರಿವೂ ಅದಕ್ಕೆ ಸಮನಾಗಿ ಏರಿ ಮಟ್ಟವನ್ನು ಹಿಡಿದು ನಿಲ್ಲಿಸುತ್ತದೆ. ಆ ಮಿತಿ ದಾಟಿದ ಮೇಲೆ ನಾವು ಅದೇ ಬಿರುಸಿನಲ್ಲಿ ತುಳಿಯುತ್ತಿದ್ದರೂ ಮಟ್ಟ ಮಾತ್ರ ನಿಮಿಷದಿಂದ ನಿಮಿಷಕ್ಕೆ ಮೇಲೇರುತ್ತಲೇ ಹೋಗುತ್ತದೆ. ನಾನು ಇಲ್ಲಿ ಥ್ರೆಶೋಲ್ಡ್ ಎನ್ನುವುದು ಈ ಮಿತಿಯನ್ನೇ.

ಪ್ರಯೋಗಾಲಯದಲ್ಲಿ ಪೆಡಲಿನ ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ, ಬೆರಳ ತುದಿಯಿಂದಲೋ ಕಿವಿಯ ಹಾಲೆಯಿಂದಲೋ ರಕ್ತದ ಹನಿ ತೆಗೆದು ಅಳೆಯುತ್ತಾರೆ. ಲೀಟರಿಗೆ 4 ಮಿಲಿಮೋಲ್ ಎಂಬ ಅಂಕಿ ಬಹಳ ಪ್ರಸಿದ್ಧವಾದರೂ ಅದು ಸರಾಸರಿಯ ಲೆಕ್ಕ. ಸ್ಥಿರ ಮಟ್ಟದ ಈ ಮಿತಿ ಒಬ್ಬರಿಗೆ 3ರ ಸಮೀಪ ಸಿಕ್ಕರೆ ಇನ್ನೊಬ್ಬರಿಗೆ 6ರ ಸಮೀಪ ಸಿಗಬಹುದು. ಹೆಚ್ಚು ನಂಬಬಹುದಾದ ಕ್ರಮದಲ್ಲಿ ಒಂದೇ ಭಾರದಲ್ಲಿ 30 ನಿಮಿಷ ತುಳಿಸಿ, 10ನೇ ನಿಮಿಷದಿಂದ ಕೊನೆಯವರೆಗೆ ಲ್ಯಾಕ್ಟೇಟ್ 1 ಮಿಲಿಮೋಲ್‌ಗಿಂತ ಹೆಚ್ಚು ಏರದಿದ್ದರೆ ಅದನ್ನು ಸ್ಥಿರ ಎಂದು ಎಣಿಸುತ್ತಾರೆ; ಹೀಗೆ ಸ್ಥಿರವಾಗಿ ನಿಲ್ಲುವ ಅತಿ ಹೆಚ್ಚಿನ ಭಾರವನ್ನು ಕಂಡುಕೊಳ್ಳಲು ಹಲವು ದಿನ ಬೇಕು. ಹವ್ಯಾಸಿ ಸವಾರನಿಗೆ ಇಷ್ಟು ರಕ್ತ ಚೆಲ್ಲುವ ಅಗತ್ಯವಿಲ್ಲ.

ನಾನು ಸೂಚಿಸುವುದು ಅಮೆರಿಕದ ತರಬೇತುದಾರ ಜೋ ಫ್ರೀಲ್ ಪ್ರಚಾರಕ್ಕೆ ತಂದ ಪರೀಕ್ಷೆಯನ್ನು. ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಒಬ್ಬರೇ, ಎಲ್ಲೂ ನಿಲ್ಲದೆ, 30 ನಿಮಿಷ ನಿಮ್ಮಿಂದ ಸಾಧ್ಯವಿರುವಷ್ಟು ಬಿರುಸಾಗಿ ತುಳಿಯಬೇಕು. ಮೊದಲ ಹತ್ತು ನಿಮಿಷ ಬಿಟ್ಟು ಉಳಿದ ಇಪ್ಪತ್ತು ನಿಮಿಷಗಳ ಸರಾಸರಿ ಹೃದಯ ಬಡಿತವನ್ನು ಥ್ರೆಶೋಲ್ಡಿನ ಬಡಿತವೆಂದು ಇಟ್ಟುಕೊಳ್ಳಬೇಕು. ಪವರ್ ಮೀಟರ್ ಇರುವವರು 20 ನಿಮಿಷದ ಬೇರೊಂದು ಪರೀಕ್ಷೆ ಮಾಡಿ, ಅದರ ಸರಾಸರಿ ವ್ಯಾಟ್‌ನ ಶೇ 95ನ್ನು ತೆಗೆದುಕೊಳ್ಳುತ್ತಾರೆ, ಆದರೆ ಆ ಪರೀಕ್ಷೆಯ ಮೂಲ ಕ್ರಮದಲ್ಲಿ ಅದಕ್ಕೂ ಮೊದಲು 5 ನಿಮಿಷದ ಪೂರ್ಣ ಬಿರುಸಿನ ತುಳಿತ ಇದೆ ಎಂಬುದನ್ನು ಹಲವರು ಮರೆಯುತ್ತಾರೆ, ಅದರಿಂದ ಅಂಕಿ ಉಬ್ಬುತ್ತದೆ.

ಎಲ್ಲೂ ನಿಲ್ಲದೆ ಎಂಬ ಷರತ್ತೇ ನಮ್ಮ ಊರಿನಲ್ಲಿ ಕಷ್ಟದ್ದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಸೈಕಲ್‌ಗೂ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲಿ ಹಂಪ್‌ಗಳ ಕಾಟ. ನಾಲೆ ಏರಿಯ ರಸ್ತೆಗಳು ಸಮತಟ್ಟಾಗಿದ್ದರೂ ತಡೆಗೋಡೆ ಇಲ್ಲದ ಕಡೆ ತಲೆ ತಗ್ಗಿಸಿ ತುಳಿಯುವ ಪರೀಕ್ಷೆಗೆ ಅವನ್ನು ನಾನು ಹೇಳಲಾರೆ. ನಾನು ಬಳಸುವುದು ಬನ್ನೂರಿನ ಕಡೆಗೆ ಹೋಗುವ ರಸ್ತೆಯನ್ನು, ಅದೂ ಬೆಳಿಗ್ಗೆ ಆರು ಗಂಟೆಗೆ, ಕಬ್ಬಿನ ಟ್ರ್ಯಾಕ್ಟರ್‌ಗಳು ಹೊರಡುವ ಮುನ್ನ.

ಬೆಟ್ಟ ಏಕೆ ಬೇಡ ಎಂಬುದಕ್ಕೆ ನನ್ನ ತಪ್ಪೇ ಸಾಕ್ಷಿ. ಮೊದಲ ವರ್ಷ ನಾನು ಗೆಳೆಯರ ಜೊತೆ ಪೈಪೋಟಿಯಲ್ಲಿ ಹದಿನೆಂಟು ನಿಮಿಷಕ್ಕೆ ಬೆಟ್ಟ ಹತ್ತಿ, ಅಂದಿನ ಸರಾಸರಿ ಹೃದಯ ಬಡಿತವಾದ ನಿಮಿಷಕ್ಕೆ 177ನ್ನೇ ಥ್ರೆಶೋಲ್ಡ್ ಎಂದು ಬರೆದಿಟ್ಟುಕೊಂಡೆ. ಎರಡು ತಿಂಗಳು ಆ ಅಂಕಿಗೆ ಕಟ್ಟುಬಿದ್ದು ತುಳಿದೆ. ಪ್ರತಿ ಬಾರಿಯೂ ಬಿರುಸಿನ ತುಳಿತದ ಮೊದಲ ಸುತ್ತು ಹೇಗೋ ಮುಗಿಯುತ್ತಿತ್ತು, ಎರಡನೆಯ ಸುತ್ತಿನ ಅರ್ಧದಲ್ಲಿ ಕಾಲು ಕೈಕೊಡುತ್ತಿತ್ತು, ತಪ್ಪು ನನ್ನ ಮನೋಬಲದ್ದೆಂದು ನಾನು ನಂಬಿದ್ದೆ. ಕೊನೆಗೆ ಬನ್ನೂರು ರಸ್ತೆಯಲ್ಲಿ ಒಬ್ಬನೇ ಪರೀಕ್ಷೆ ಮಾಡಿಕೊಂಡಾಗ ಸಿಕ್ಕಿದ್ದು 168. ಹದಿನೆಂಟು ನಿಮಿಷವನ್ನು ಥ್ರೆಶೋಲ್ಡಿಗಿಂತ ಮೇಲೆಯೇ ಕಳೆಯುವುದು ಯಾರಿಗಾದರೂ ಸಾಧ್ಯ. ಅಣೆಕಟ್ಟೆ ತುಂಬುವ ಮೊದಲೇ ಬೆಟ್ಟ ಮುಗಿದಿರುತ್ತದೆ. ಹತ್ತಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುವವರಿಗೆ ಈ ಆಕ್ಷೇಪ ಅನ್ವಯಿಸದು ಎಂಬುದನ್ನೂ ಹೇಳಬೇಕು. ಈ ಒಂದು ವಿಷಯದಲ್ಲಿ ನಿಧಾನಿಗಳೇ ಭಾಗ್ಯವಂತರು.

ಅಂಕಿ ಸಿಕ್ಕ ಮೇಲೆ ಉಸಿರಿನ ಜೊತೆ ಅದನ್ನು ತಾಳೆ ನೋಡಿ. ಥ್ರೆಶೋಲ್ಡಿನಲ್ಲಿ ಉಸಿರು ಆಳವಾಗಿಯೂ ಜೋರಾಗಿಯೂ ಇದ್ದರೂ ಲಯ ತಪ್ಪಿರುವುದಿಲ್ಲ. ಮೂರು ನಾಲ್ಕು ಪದ ಆಡಬಹುದು, ಇಡೀ ವಾಕ್ಯ ಆಡಲಾಗದು. ಏದುಸಿರು ಬಂದರೆ ದಾಟಿದ್ದೀರಿ, ಆರಾಮವಾಗಿ ಹರಟಬಲ್ಲಿರಾದರೆ ಬಹಳ ಕೆಳಗಿದ್ದೀರಿ.

ತರಬೇತಿಗೆ ನಾನು ಹೇಳುವುದು ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ದಿನ. ಆರಂಭದಲ್ಲಿ ಹತ್ತು ನಿಮಿಷದ ಮೂರು ಸುತ್ತು, ನಡುವೆ ಐದು ನಿಮಿಷ ಹಗುರವಾದ ತುಳಿತ. ಕೆಲವು ವಾರಗಳಲ್ಲಿ ಅದನ್ನು ಇಪ್ಪತ್ತು ನಿಮಿಷದ ಎರಡು ಸುತ್ತಿಗೆ ಬೆಳೆಸಬೇಕು. ಬಡಿತ ಥ್ರೆಶೋಲ್ಡಿಗಿಂತ ನಾಲ್ಕೈದು ಕೆಳಗಿದ್ದರೆ ಸಾಕು, ಮೇಲೆ ಹೋಗಕೂಡದು. ಸುತ್ತಿನ ಮೊದಲ ಎರಡು ಮೂರು ನಿಮಿಷ ಬಡಿತ ಹಿಂದೆ ಬಿದ್ದಿರುತ್ತದೆ. ಅದನ್ನು ಬೇಗ ಏರಿಸಲೆಂದು ಒದ್ದಾಡುವುದೇ ಎಲ್ಲರ ತಪ್ಪು. ಏಪ್ರಿಲ್ ಬಿಸಿಲಿನಲ್ಲಿ, ನೀರು ಕಡಿಮೆ ಕುಡಿದ ದಿನ, ತುಳಿತ ಅಷ್ಟೇ ಇದ್ದರೂ ಬಡಿತ ತಾನಾಗಿ ಏರುತ್ತಾ ಹೋಗುತ್ತದೆ. ಅಂದು ಅಂಕಿಗಿಂತ ಉಸಿರನ್ನು ನಂಬುವುದು ಮೇಲು. ಉಳಿದ ದಿನಗಳ ಸವಾರಿ ನಿಜಕ್ಕೂ ಹಗುರವಾಗಿರಬೇಕು, ಏಕೆಂದರೆ ಲ್ಯಾಕ್ಟೇಟ್ ಉರಿಸುವ ಮೈಟೋಕಾಂಡ್ರಿಯ (ಜೀವಕೋಶದೊಳಗಿನ ಶಕ್ತಿ ಘಟಕಗಳು) ಬೆಳೆಯುವುದು, ಅಂದರೆ ಹೊರಹರಿವು ಹಿಗ್ಗುವುದು, ಆ ದೀರ್ಘ ನಿಧಾನದ ಸವಾರಿಗಳಿಂದಲೂ ಹೌದು. ನಮ್ಮಲ್ಲಿ ಹಗುರವಾದ ದಿನವೂ ಪೈಪೋಟಿಯಾಗಿ ಮುಗಿಯುತ್ತದೆ.

ಬೆಟ್ಟವನ್ನು ಪೂರ್ತಿ ಕೈಬಿಡಬೇಕೆಂದೇನೂ ನಾನು ಹೇಳುತ್ತಿಲ್ಲ. ವ್ಯಾಟ್ ಲೆಕ್ಕಕ್ಕೆ ಅದು ಒಳ್ಳೆಯ ತಕ್ಕಡಿ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ., ಏರಿದ ಎತ್ತರ 250 ಮೀಟರ್, ಹಿಡಿದ ಸಮಯ 20 ನಿಮಿಷ ಎಂದಿಟ್ಟುಕೊಂಡರೆ, 80 × 9.8 × 250ನ್ನು 1,200 ಸೆಕೆಂಡಿನಿಂದ ಭಾಗಿಸಿದಾಗ ಸುಮಾರು 163 ವ್ಯಾಟ್ ಬರುತ್ತದೆ. ಗಾಳಿ, ಟೈರು ಮತ್ತು ಚೈನು ನುಂಗುವುದನ್ನು ಕೂಡಿಸಿದರೆ ನಿಜವಾದ ಅಂಕಿ 200ರ ಆಸುಪಾಸಿನಲ್ಲಿರುತ್ತದೆ. ಅದೇ ಬಡಿತಕ್ಕೆ ಎರಡು ತಿಂಗಳ ಬಳಿಕ ಒಂದು ನಿಮಿಷ ಬೇಗ ಹತ್ತಿದರೆ ಥ್ರೆಶೋಲ್ಡ್ ಏರಿದೆಯೆಂದು ತಿಳಿಯಲು ಅಡ್ಡಿಯಿಲ್ಲ.

ಪವರ್ ಮೀಟರ್ ಕೊಳ್ಳುವುದನ್ನು ಒಂದು ವರ್ಷ ಹೀಗೆ ತುಳಿದ ಮೇಲೆ ಯೋಚಿಸಬಹುದು. ಪರೀಕ್ಷೆಯನ್ನು ಆರರಿಂದ ಎಂಟು ವಾರಕ್ಕೊಮ್ಮೆ ಮಾಡಿದರೆ ಸಾಕು. ಆಷಾಢದಲ್ಲಿ ಬೆಟ್ಟದ ರಸ್ತೆ ಭಕ್ತರಿಂದ ತುಂಬಿರುವುದರಿಂದ ನಾನು ಒಂದು ಸರದಿಯನ್ನು ಆ ತಿಂಗಳಿಗೇ ಇಟ್ಟುಕೊಂಡಿದ್ದೇನೆ. ಆಗಿನ ಎದುರುಗಾಳಿಗೆ ಬನ್ನೂರು ರಸ್ತೆಯಲ್ಲಿ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್ ಕುಸಿಯುತ್ತದೆ, ಬಡಿತದ ಅಂಕಿ ಮಾತ್ರ ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.