ಕೋಳಿ ಸಾರಿಗೆ ಯಾವ ವೈನು?

ನಿನ್ನೆ ರಾತ್ರಿ ಬಸವನಗುಡಿಯ ಮನೆಯಲ್ಲಿ, ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿಯ ಶಿರಾಜ್ ಕೆಂಪು ವೈನನ್ನು ನಾಟಿ ಕೋಳಿ ಸಾರಿನೊಂದಿಗೆ ಸವಿಯಲು ಹೋಗಿ ಸೋತೆ. ವೈನಿನ ಒಗರು ಮತ್ತು ಆಲ್ಕೋಹಾಲು ಸೇರಿ ಮೆಣಸಿನಕಾಯಿಯ ಖಾರವನ್ನು ಇನ್ನಷ್ಟು ಕೆರಳಿಸಿ, ಹಣ್ಣಿನ ಪರಿಮಳವೇ ನಾಲಿಗೆಗೆ ಸಿಗದಂತೆ ಮಾಡಿದವು. ಅದೇ ಸಾರಿಗೆ ಫ್ರಿಜ್ಜಿನಲ್ಲಿ ತಣ್ಣಗಿದ್ದ, ತುಸು ಸಿಹಿ ಉಳಿಸಿಕೊಂಡ ಚೆನಿನ್ ಬ್ಲಾಂಕ್ ಎಂಬ ಬಿಳಿ ವೈನು ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ವೈನೆಂದರೆ ಮೂಗು ಮುರಿಯುವ ಭಾವನವರೂ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು. ಉಳಿದ ಶಿರಾಜನ್ನು ಇಂದು ಖಾರ ಹಾಕದೆ ಹುರಿದ ಕುರಿ ಮಾಂಸದೊಂದಿಗೆ ಕುಡಿದಾಗ, ನಿನ್ನೆ ಬೈದದ್ದಕ್ಕೆ ಕೊಂಚ ನಾಚಿಕೆಯಾಯಿತು. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನನ್ನು ಬಲ್ಲವರು ಹಗುರವಾಗಿ ಕಾಣುತ್ತಾರಾದರೂ, ಕಾಂಗ್ರೆಸ್ ಕಡಲೆಬೀಜದ ಜೊತೆಗೆ ನನಗೆ ಅದೇ ಬೇಕು.