ನೋವಾ ಡೈರಿ: ಸ್ಕೂಪ್ ಒಳಗಿನ ಗಾಳಿ ಕೊನೆಗೂ ಮಾತು ಕೇಳಿತು

ನನ್ನ ಹಳೆ ಷೆವಿ ನೋವಾ ಕಾರಿನ ಇಂಜಿನ್‌ನಲ್ಲಿ ಹಿಂದಿನ ನಾಲ್ಕು ಸ್ಪಾರ್ಕ್ ಪ್ಲಗ್‌ಗಳು ಕೊನೆಗೂ ಮುಂದಿನವುಗಳ ಬಣ್ಣಕ್ಕೆ ಬಂದವು. ಇಷ್ಟಕ್ಕೇ ಇಡೀ ಬೇಸಿಗೆ ಹೋಯಿತು. ಮಿಶಿಗನ್‌ನಲ್ಲಿ ಬೇಸಿಗೆ ಇರೋದೇ ಅಷ್ಟು, ಅದೂ ಗ್ಯಾರೇಜಿಗೇ ಅರ್ಪಣೆ.

ಇಂಜಿನ್ ಕಟ್ಟಿದ್ದು, ಬಾನೆಟ್ ಕೊರೆದಿದ್ದು, ಪ್ರೈಮರ್ ಹೊಡೆದಿದ್ದು ಎಲ್ಲಾ ನಿಮಗೆ ಗೊತ್ತಿರೋ ಕೆಲಸವೇ, ಬಿಟ್ಟುಬಿಡುತ್ತೇನೆ. 1966ರ ಷೆವಿ (ಷೆವ್ರೊಲೆ) ನೋವಾ, ಸ್ಮಾಲ್ ಬ್ಲಾಕ್ ವಿ8 ಇಂಜಿನ್, ಸಿಂಗಲ್ ಪ್ಲೇನ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ-ಪೆಟ್ರೋಲ್ ಹಂಚೋ ಕೊಳವೆ), ಮೇಲೆ ಹಾಲಿ ಡಬಲ್ ಪಂಪರ್ ಕಾರ್ಬ್ (ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬ್ಯುರೇಟರ್). ಅದರ ಮೇಲೆ 60ರ ದಶಕದ ಸೂಪರ್ ಸ್ಟಾಕ್ ಡ್ರ್ಯಾಗ್ ರೇಸ್ ಕಾರುಗಳ ಥರ ಮುಂದಕ್ಕೆ ಬಾಯಿ ತೆರೆದ ಫೈಬರ್‌ಗ್ಲಾಸ್ ಸ್ಕೂಪ್, ಅಂದರೆ ಹೊರಗಿನ ಗಾಳಿಯನ್ನು ಕಾರ್ಬ್‌ಗೆ ಹಿಡಿದು ಕೊಡೋ ಗೂಡು. ಕಾರ್ಬ್ ಸುತ್ತ ಅಲ್ಯೂಮಿನಿಯಂ ಟ್ರೇ, ಟ್ರೇಗೂ ಬಾನೆಟ್‌ಗೂ ನಡುವೆ ಸೀಲ್.

ಸ್ಕೂಪ್ ತೆಗೆದು ಓಡಿಸಿದರೆ ಕಾರು ಸರಿ. ಸ್ಕೂಪ್ ಹಾಕಿದರೆ ಡ್ರ್ಯಾಗ್ ರೇಸಿನ ಕ್ವಾರ್ಟರ್ ಮೈಲಿ ನೇರ ಓಟದಲ್ಲಿ ಅರ್ಧ ದಾಟಿದ ಮೇಲೆ ಇಂಜಿನ್ ಮುಗ್ಗರಿಸೋಕೆ ಶುರು. ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ ಅಂತ ತೋರಿಸೋ ವೈಡ್‌ಬ್ಯಾಂಡ್ ಮೀಟರ್ 14 ದಾಟುತ್ತದೆ, ಅಂದರೆ ಪೆಟ್ರೋಲ್ ಸಾಲದು. ಪ್ಲಗ್ ಬಿಚ್ಚಿದರೆ ಮುಂದಿನ ನಾಲ್ಕು ಚೆನ್ನಾಗಿವೆ, ಹಿಂದಿನ ನಾಲ್ಕು ಸುಣ್ಣ ಹೊಡೆದ ಹಾಗೆ ಬೆಳ್ಳಗೆ. ಕೇಳಿದವರೆಲ್ಲ ಹೇಳಿದ್ದು ಒಂದೇ: ಜೆಟ್ (ಕಾರ್ಬ್‌ನಲ್ಲಿ ಪೆಟ್ರೋಲ್ ಅಳೆದು ಬಿಡೋ ತೂತು) ದೊಡ್ಡದು ಹಾಕು. ಹಾಕಬಹುದು. ಆದರೆ ಸ್ಕೂಪ್ ಇಲ್ಲದಾಗ ಸರಿ ಇರೋ ಜೆಟ್, ಸ್ಕೂಪ್ ಹಾಕಿದ ಕೂಡಲೇ ಚಿಕ್ಕದಾಗೋದು ಹೇಗೆ? ಅದೂ ಮೇಲಿನ ವೇಗದಲ್ಲಿ ಮಾತ್ರ? ತಪ್ಪು ಪೆಟ್ರೋಲ್ ಕಡೆ ಇಲ್ಲ, ಗಾಳಿ ಕಡೆ ಇದೆ ಅಂತ ಹಟ ಹಿಡಿದೆ.

ಗಾಳಿಯ ಲೆಕ್ಕ ಸುಲಭ. ಗಂಟೆಗೆ 100 ಮೈಲಿ ವೇಗದಲ್ಲಿ ನುಗ್ಗುವ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೆ ಸಿಗೋ ಒತ್ತಡ ಸುಮಾರು 12 ಸೆಂಟಿಮೀಟರ್ ನೀರಿನಷ್ಟು. ವಾತಾವರಣದ ಒತ್ತಡಕ್ಕೆ ಹೋಲಿಸಿದರೆ ಬರೀ ಶೇಕಡಾ 1ಕ್ಕಿಂತ ಚೂರು ಜಾಸ್ತಿ. ರ‍್ಯಾಮ್ ಏರ್ ಅಂತ ದೊಡ್ಡದಾಗಿ ಸ್ಟಿಕ್ಕರ್ ಅಂಟಿಸೋರಿಗೆ ಇದನ್ನು ಹೇಳಬೇಡಿ, ಬೇಜಾರು ಮಾಡಿಕೊಳ್ತಾರೆ. ಸ್ಕೂಪ್‌ನ ನಿಜವಾದ ಲಾಭ ತಣ್ಣನೆ ಗಾಳಿ. ಬಾನೆಟ್ ಒಳಗೆ 60 ಡಿಗ್ರಿ, ಹೊರಗೆ 25 ಡಿಗ್ರಿ ಇದ್ದರೆ ಅದೇ ಜಾಗದಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ಗಾಳಿ ಹಿಡಿಸುತ್ತದೆ. ಒತ್ತಡದ ಲಾಭ ಚಿಕ್ಕದು, ಸರಿ. ಆದರೆ ಆ ಚಿಕ್ಕ ಒತ್ತಡ ಕಾರ್ಬ್ ಮೇಲೆ ಒಂದೊಂದು ಕಡೆ ಒಂದೊಂದು ಥರ ಬಿದ್ದರೆ ಸಾಕು, ಮಿಕ್ಸ್ಚರ್ ಕೆಡುತ್ತದೆ.

ಅಳೆಯೋಕೆ ಹಲಗೆ ಮೇಲೆ ಯು ಆಕಾರದಲ್ಲಿ ಪಾರದರ್ಶಕ ಪೈಪು ಬಗ್ಗಿಸಿ ನೀರು ತುಂಬಿದೆ. ರಾತ್ರಿ ಹೊತ್ತು ಬೇರೆ ಬಣ್ಣ ಸಿಗಲಿಲ್ಲ, ದೇವರ ಮನೆಯ ಕುಂಕುಮ ಕಲಸಿದೆ. (ಹೆಂಡತಿ ಇದನ್ನು ಓದಲ್ಲ ಅನ್ನೋ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.) ಒಂದು ತುದಿ ಟ್ರೇ ಒಳಗೆ, ಇನ್ನೊಂದು ಕಾರಿನೊಳಗೆ, ಎದುರಿಗೆ ಫೋನ್ ಕಟ್ಟಿ ವಿಡಿಯೋ. ಸ್ಕೂಪ್‌ನ ಹಿಂಗೋಡೆ ಹತ್ತಿರ ನೀರು 9 ಸೆಂಟಿಮೀಟರ್ ಏರಿ ನಿಲ್ಲುತ್ತಿತ್ತು. ಕಾರ್ಬ್ ಮುಂಭಾಗದಲ್ಲಿ 4ರ ಆಸುಪಾಸು, ಅದೂ ಒಂದು ಕಡೆ ನಿಲ್ಲದೆ ಕುಣಿತ. ಒಳಗೆ ಉಣ್ಣೆ ಎಳೆ ಅಂಟಿಸಿ ಚಿಕ್ಕ ಕ್ಯಾಮೆರಾ ಇಟ್ಟ ಮೇಲೆ ಕಥೆ ಗೊತ್ತಾಯಿತು. ಗಾಳಿ ಕಾರ್ಬ್ ಮೇಲಿಂದ ಹಾರಿ ನೆಟ್ಟಗೆ ಹಿಂಗೋಡೆಗೆ ಬಡಿಯುತ್ತದೆ. ಅಲ್ಲಿಂದ ಮಗುಚಿ, ಕಾರ್ಬ್‌ನಲ್ಲಿ ಪೆಟ್ರೋಲ್ ನಿಲ್ಲೋ ಹಿಂದಿನ ಬಟ್ಟಲಿನ (ಫ್ಲೋಟ್ ಬೌಲ್) ಗಾಳಿಯಾಡೋ ವೆಂಟ್ ಪೈಪಿನ ಬಾಯಿಗೆ ಅಡ್ಡಲಾಗಿ ರಭಸದಿಂದ ಹರಿಯುತ್ತದೆ. ಹಾಗೆ ಅಡ್ಡ ಹರಿಯೋ ಗಾಳಿ ಬೌಲ್ ಒಳಗಿನ ಒತ್ತಡವನ್ನು ಎಳೆದು ಇಳಿಸುತ್ತದೆ. ಜೆಟ್ ಮೂಲಕ ಪೆಟ್ರೋಲ್ ತಳ್ಳೋದೇ ಆ ಒತ್ತಡ. ಹಿಂದಿನ ಸಿಲಿಂಡರ್‌ಗಳಿಗೆ ಉಪವಾಸ.

ಸ್ಕೂಪ್ ಮಾರಿದ ಪುಣ್ಯಾತ್ಮನಿಗೆ ಹಿಂಗೋಡೆ ಯಾಕೆ ಲಂಬವಾಗಿದೆ ಅಂತ ಕೇಳಿದರೆ ‘ಅದು ಲುಕ್’ ಅಂದ. ಎಲ್ಲಾ ಕಾರಿಗೂ ಕೂರುತ್ತೆ ಅಂತ ಹೇಳಿ ಕೊಟ್ಟಿದ್ದು, ನನ್ನ ಬಾನೆಟ್ ಮೇಲೆ ನಾಲ್ಕು ಮೂಲೆಯಲ್ಲಿ ಒಂದೂ ಕೂರಲಿಲ್ಲ. ಜೊತೆಗೆ ಕಳಿಸಿದ ಫೋಮ್ ಸೀಲ್ ಪೆಟ್ರೋಲ್ ಆವಿಗೆ ಪುಡಿಪುಡಿಯಾಗಿ ಉದುರಿತು, ಅದೂ ಕಾರ್ಬ್ ಬಾಯಿ ಪಕ್ಕದಲ್ಲೇ!

ಪರಿಹಾರಕ್ಕೆ ಖರ್ಚು ಕಮ್ಮಿ. ಹಿಂಗೋಡೆಯ ಮೂಲೆಗೆ ಅಲ್ಯೂಮಿನಿಯಂ ತಗಡು ಬಗ್ಗಿಸಿ ಕೂರಿಸಿದೆ, ಗಾಳಿ ಮಗುಚದೆ ಉರುಳಿ ಕೆಳಗಿಳಿಯುತ್ತದೆ. ಕಾರ್ಬ್ ಮೇಲೆ ಸ್ವಲ್ಪ ಜಾಗ ಬಿಟ್ಟು ತೂತಿನ ತಗಡು ಹಾಸಿದೆ, ಅದರ ಕೆಳಗೆ ಗಾಳಿ ರಭಸ ಕಳೆದುಕೊಳ್ಳುತ್ತದೆ. ಎರಡೂ ವೆಂಟ್ ಪೈಪುಗಳನ್ನು ಒಂದು ಹೋಸ್‌ನಿಂದ ಜೋಡಿಸಿ ನಡುವೆ ಕಚ್ಚು ಹಾಕಿದೆ. ಇದು ಹಳೆ ಡ್ರ್ಯಾಗ್ ರೇಸರ್‌ಗಳ ಉಪಾಯ, ಈಗ ಎರಡು ಬೌಲ್‌ಗೂ ಒಂದೇ ಒತ್ತಡ. ಫೋಮ್ ಬಿಸಾಕಿ ರಬ್ಬರ್ ಬೀಡಿಂಗ್ ಹಾಕಿದೆ. ಜೆಟ್ ಮುಟ್ಟಿಲ್ಲ. ಕೊನೆಯ ಓಟದಲ್ಲಿ ಮೀಟರ್ 12.8ರಲ್ಲಿ ನಿಂತಿತ್ತು, ಗೆರೆ ದಾಟೋವರೆಗೂ.

‘ಸುಮ್ನೆ ಕೌಲ್ ಇಂಡಕ್ಷನ್ ಬಾನೆಟ್ ಹಾಕಬಹುದಿತ್ತಲ್ವಾ’ ಅಂತ ಕೇಳೋರಿದ್ದಾರೆ. ನಿಜ, 1969ರ ಕಮಾರೋದಲ್ಲಿ ಷೆವಿಯವರೇ ಸ್ಕೂಪ್ ಬಾಯಿ ಹಿಂದಕ್ಕೆ ತಿರುಗಿಸಿದ್ದರು, ವಿಂಡ್‌ಶೀಲ್ಡ್ ಬುಡದಲ್ಲಿ ಗಾಳಿ ಒತ್ತಿಕೊಂಡು ನಿಲ್ಲುತ್ತದೆ ಅಂತ. ಒಳ್ಳೆ ಬುದ್ಧಿವಂತಿಕೆ. ಆದರೆ ಬಾಯಿ ಮುಂದಕ್ಕಿರೋ ಸ್ಕೂಪ್‌ಗೆ ಇರೋ ಪೊಗರು ಅದಕ್ಕಿಲ್ಲ. ಡ್ರ್ಯಾಗ್ ರೇಸಿನ ಪ್ರೊ ಸ್ಟಾಕ್ ವಿಭಾಗದಲ್ಲಂತೂ 2016ರಲ್ಲಿ ಫ್ಯುಯೆಲ್ ಇಂಜೆಕ್ಷನ್ ಕಡ್ಡಾಯ ಮಾಡಿ ಸ್ಕೂಪನ್ನೇ ತೆಗೆಸಿಬಿಟ್ಟರು. ಆಮೇಲೆ ಆ ಕಾರುಗಳ ಮುಖ ನೋಡೋಕೆ ನನಗೆ ಮನಸ್ಸಿಲ್ಲ.

ಸ್ಕೂಪೇ ಇಲ್ಲದೆ ಗಾಳಿ ಕುಡಿಯೋ ಕಾರು ಬೇಕು ಅಂದರೆ 1964ರ ಫೋರ್ಡ್ ಫೇರ್‌ಲೇನ್ ಥಂಡರ್‌ಬೋಲ್ಟ್ ಇದೆ. ನಾಲ್ಕು ಹೆಡ್‌ಲೈಟ್‌ಗಳಲ್ಲಿ ಒಳಗಿನ ಎರಡನ್ನು ಕಿತ್ತು, ಜಾಲರಿ ಹಾಕಿ, ಅಲ್ಲಿಂದ ಕಾರ್ಬ್‌ವರೆಗೆ ದಪ್ಪ ಡಕ್ಟ್ ಎಳೆದಿದ್ದರು. ಬಾನೆಟ್ ಮೇಲಿನ ಆ ಕಣ್ಣೀರ ಹನಿಯಂಥ ಉಬ್ಬು 427 ಘನ ಇಂಚಿನ ಇಂಜಿನ್‌ನ ಎತ್ತರದ ಮ್ಯಾನಿಫೋಲ್ಡ್‌ಗೆ ಜಾಗ ಮಾಡೋಕೆ. ಹೌದು, ಒಂದು ಫೇರ್‌ಲೇನ್ ಬಾಡಿ ನೋಡಿಟ್ಟಿದ್ದೇನೆ. ಇಲ್ಲ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಅದಕ್ಕೂ ಮುಂಚೆ ನೋವಾದ ಬಣ್ಣ ಮುಗಿಯಬೇಕು. ಬಿಸಿಲಿಗೆ ಫೈಬರ್‌ಗ್ಲಾಸ್ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಸ್ಕೂಪ್ ಬುಡದ ಜೋಡಣೆ ಉದ್ದಕ್ಕೂ ಪ್ರೈಮರ್ ಮೇಲೆ ಆಗಲೇ ಕೂದಲಿನಷ್ಟು ಗೆರೆ ಎದ್ದಿದೆ. ಅಂಟು ಕೆರೆದು ತೆಗೆದು, ಪುಟ್ಟಿ ಮುಚ್ಚದೆ, ಅಂಚು ಕಾಣೋ ಹಾಗೆ ಬೋಲ್ಟ್ ಹಾಕಿ ಕೂರಿಸೋದು ಅಂತ ಸದ್ಯದ ಯೋಚನೆ. ಹಿಗ್ಗಿದರೂ ಒಡೆಯದ ಅಂಟು ಯಾರಾದರೂ ಬಳಸಿದ್ದರೆ ಬೇಗ ಹೇಳಿ, ಶನಿವಾರ ಗ್ರೈಂಡರ್ ಹಿಡಿಯುತ್ತೇನೆ.