ಹಬ್ಬದ ಡಿಮ್ಯಾಂಡ್ ಅಂದಿದ್ದು ನಾನೇ

ನಮ್ಮ ಗೋದಾಮಿನ ಮೂಲೆಯಲ್ಲಿ ಬೇಳೆ ಪ್ಯಾಕೆಟ್ ಮಾಡುವ ಪ್ಲಾಸ್ಟಿಕ್ಕಿನ ಹನ್ನೊಂದು ಪೌಚ್ ರೋಲ್ ಬಿದ್ದಿವೆ. ಮೇಲೆ 'ದೀಪಾವಳಿ ಕೊಡುಗೆ 2023' ಅಂತ ಚಂದದ ಅಚ್ಚು. ಹೊಸಬರು ಯಾರಾದರೂ ಬಂದು ಇವು ಯಾಕಿವೆ ಅಂತ ಕೇಳಿದರೆ ಹಮಾಲರು ನನ್ನ ಮುಖ ನೋಡುತ್ತಾರೆ.

ಕಲಬುರಗಿಯ ದಾಲ್ ಮಿಲ್‌ನಲ್ಲಿ ಪ್ಲಾನಿಂಗ್ ಅಂದರೆ ಹೆಸರಷ್ಟೇ ದೊಡ್ಡದು. ಪಾರ್ಟಿಗಳ, ಅಂದರೆ ನಮ್ಮಿಂದ ಬೇಳೆ ಕೊಳ್ಳುವ ಹೋಲ್‌ಸೇಲ್‌ನವರ, ಆರ್ಡರ್ ಎಕ್ಸೆಲ್‌ಗೆ ಹಾಕೋದು, ತೊಗರಿ ಎಷ್ಟು ಬೇಕು ಅಂತ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ) ಹೇಳೋದು, ಬಾರ್ದಾನ (ಖಾಲಿ ಚೀಲ) ತರಿಸೋದು, ಗಾಡಿ ಹಾಕಿಸೋದು. 2023ರ ಮಳೆಗಾಲದಲ್ಲಿ ತೊಗರಿ ರೇಟು ಇಳಿಯುವ ಮಾತೇ ಇರಲಿಲ್ಲ. ಹೊಸ ಮಾಲು ಡಿಸೆಂಬರ್‌ಗೆ ಮೊದಲು ಬರಲ್ಲ. ಆವಕ ಕಡಿಮೆ. "ಎಲ್ಲರಿಗೂ ಕೇಳಿದ್ದರಾಗ ಅರ್ಧ ಅರ್ಧ ಕೊಡ್ರಿ" ಅಂದರು ಸಾವ್ಕಾರರು. ಕೊಟ್ಟೆ.

ಆಗಸ್ಟ್ ದಾಟುತ್ತಿದ್ದಂತೆ ಆರ್ಡರ್ ಏರತೊಡಗಿದವು. 20 ಟನ್ ಕೇಳುತ್ತಿದ್ದವರು 40 ಕೇಳಿದರು, ಆಮೇಲೆ 60. ಬೆಳಗಿನ ಮೀಟಿಂಗ್‌ನಲ್ಲಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. "ಹಬ್ಬದ ಡಿಮ್ಯಾಂಡ್ ಸರ್. ದೀಪಾವಳಿವರೆಗೂ ಇಳಿಯಲ್ಲ." ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ತೊಗರಿ ಜಾಸ್ತಿ ಕೊಂಡೆವು, ಏರಿದ ರೇಟಿಗೇ. ರೋಲ್‌ಗೂ ಆರ್ಡರ್ ಹೋಯಿತು.

ಅವತ್ತೇ ಸಂಜೆ ಗಾಡಿ ತೂಗುವ ಕಾಟಾ ಹತ್ತಿರ ನಮ್ಮ ಹಮಾಲರ ಮುಕಾದಮ್ (ಮೇಸ್ತ್ರಿ) ಕಾಕಾ ಕೇಳಿದ್ದರು. "ಸರ್, ರೇಟ್ ಏರಿದ್ರ ಮಂದಿ ಬ್ಯಾಳಿ ಜಾಸ್ತಿ ತಿಂತಾರೇನ್ರಿ? ಹಬ್ಬಕ್ಕ ಹೋಳಿಗಿ ಅಂದ್ರ ಅದು ಕಡ್ಲಿಬ್ಯಾಳಿದು." ನಾನು ನಕ್ಕೆ. ಕಾಕಾಗೆ ಎಕ್ಸೆಲ್ ಏನು ಗೊತ್ತು ಅಂದುಕೊಂಡೆ.

ಸೆಪ್ಟೆಂಬರ್ 25, ಸೋಮವಾರ. ಕೇಂದ್ರ ಸರ್ಕಾರ ಸ್ಟಾಕ್ ಲಿಮಿಟ್, ಅಂದರೆ ಯಾರು ಎಷ್ಟು ತೊಗರಿ ಇಟ್ಟುಕೊಳ್ಳಬಹುದು ಅನ್ನೋ ಮಿತಿ, ಇಳಿಸಿತು. ಹೋಲ್‌ಸೇಲ್‌ನವರಿಗೆ ಜೂನ್‌ನಿಂದ 200 ಟನ್ ಇದ್ದದ್ದು 50ಕ್ಕೆ ಬಂತು. ಮಿಲ್‌ಗಳಿಗೆ ಮೂರು ತಿಂಗಳ ಉತ್ಪಾದನೆ ಅಥವಾ ವರ್ಷದ ಸಾಮರ್ಥ್ಯದ 25% ಇದ್ದದ್ದು, ಒಂದು ತಿಂಗಳು ಅಥವಾ 10% ಆಯಿತು. ಎರಡರಲ್ಲಿ ಯಾವುದು ಜಾಸ್ತಿಯೋ ಅದು. ರಾತ್ರಿ ಹನ್ನೊಂದರವರೆಗೆ ಕೂತು ನಮ್ಮ ಲೆಕ್ಕ ಹಾಕಿದೆ. ಪಾರ್ಟಿಗಳಿಗೂ ಲಿಮಿಟ್ ಇಳಿದಿದೆ ಅನ್ನೋದು ಓದಿದ್ದೆ, ತಲೆಗೆ ಹೋಗಿರಲಿಲ್ಲ.

ಮರುದಿನ ಬೆಳಗ್ಗೆ ಆರೂ ಮುಕ್ಕಾಲು. ಹೈದರಾಬಾದಿನ ಒಂದೇ ಪಾರ್ಟಿಗೆ ಎರಡು ಗಾಡಿ. ಒಂದು ಹೊರಟು ಹೋಗಿತ್ತು, ಇನ್ನೊಂದು ಕಾಟಾ ಮೇಲೆ ನಿಂತಿತ್ತು. ಫೋನ್ ಬಂತು. ಪಾರ್ಟಿಯವರು ಬೀದರ್ ಕಡೆಯವರು, ಯಾವಾಗಲೂ ಕನ್ನಡದಲ್ಲೇ ಮಾತು.

"ಸರ್, ಗಾಡಿ ಹಾಕಬ್ಯಾಡ್ರಿ. ನನ್ನ ಹತ್ರ ಈಗ 45 ಟನ್ ಅದ."

"ನೀವು 60 ಟನ್ ಆರ್ಡರ್ ಕೊಟ್ಟೀರಲ್ರಿ?"

ಅವರು ಜೋರಾಗಿ ನಕ್ಕರು. "ನೀವು ಅರ್ಧ ಕೊಡ್ತೀರಿ, ಅದಕ್ಕ ಡಬಲ್‌ಗೂ ಡಬಲ್ ಬರಸ್ತೀನಿ. ಖರೇ ಅಂದ್ರ ನನಗ ಹದಿನೈದು ಟನ್ ಆದ್ರ ಬೇಕಾದಷ್ಟಾತು."

ಆ ನಗು ಇನ್ನೂ ಕಿವಿಯಲ್ಲಿದೆ. ಮುಂದಿನ ಹತ್ತು ನಿಮಿಷ ಏನು ಮಾಡಿದೆ ಅಂತ ಕೇಳಿ. ಕಾಟಾ ಮೇಲಿನ ಡ್ರೈವರ್ "ಹೊರಡ್ಲೇನ್ರಿ?" ಅಂತ ಎರಡು ಸಲ ಕೇಳಿದ. ನಾನು ಸುಮ್ನೆ ನಿಂತೆ. ಆಮೇಲೆ, ದಾರಿಯಲ್ಲಿ ಬೇರೆ ಪಾರ್ಟಿ ಸಿಕ್ಕೇ ಸಿಗ್ತಾರೆ ಅಂತ "ಹೊರಡು" ಅಂದೆ. ಹೌದು, ಅಂದೆ. ಮಾಲು ಸಾಗಿಸೋಕೆ ಬೇಕಾದ ಇ-ವೇ ಬಿಲ್ ಇಪ್ಪತ್ನಾಲ್ಕು ಗಂಟೆಯ ಒಳಗೆ ಕ್ಯಾನ್ಸಲ್ ಮಾಡಬಹುದು ಅಂತ ಅಕೌಂಟ್ಸ್ ಹುಡುಗ ಬಾಗಿಲಲ್ಲಿ ನಿಂತು ಹೇಳುತ್ತಿದ್ದ, ಕೇಳಲಿಲ್ಲ. ಒಂಬತ್ತು ಗಂಟೆಯೊಳಗೆ ಇನ್ನೂ ಮೂರು ಪಾರ್ಟಿ ಫೋನ್ ಮಾಡಿದರು. ಮೂವರದೂ ಅದೇ ಮಾತು. ಎರಡೂ ಗಾಡಿ ಜಹೀರಾಬಾದ್ ಹತ್ತಿರ ಎರಡು ದಿನ ನಿಂತು ವಾಪಸ್ ಬಂದವು. ಗಾಡಿ ನಿಂತದ್ದಕ್ಕೆ ಹಾಲ್ಟಿಂಗ್ ಬಾಡಿಗೆ ಬೇರೆ. ಲಿಮಿಟ್ ಮೀರುವ ತೊಗರಿಯನ್ನು ಸಿಕ್ಕ ರೇಟಿಗೆ ಕೊಟ್ಟೆವು. ನವೆಂಬರ್‌ನಲ್ಲಿ ಸರ್ಕಾರ ಲಿಮಿಟ್ ಮತ್ತೆ ಮೊದಲಿನಷ್ಟಕ್ಕೇ ಏರಿಸಿತು. ಅಷ್ಟೊತ್ತಿಗೆ ನಮ್ಮದು ಮಾರಿ ಮುಗಿದಿತ್ತು.

ಮರುವರ್ಷ ನನ್ನನ್ನು ಎರಡು ದಿನದ ಟ್ರೇನಿಂಗ್‌ಗೆ ಕಳಿಸಿದರು. ಸಪ್ಲೈ ಚೈನ್‌ನಲ್ಲಿ ಈಗ ಏನೇನು ಸಂಶೋಧನೆ ನಡೀತಿದೆ ಅನ್ನೋದು ವಿಷಯ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಬಂದ್ ಆದದ್ದು, ಕೋವಿಡ್ ಆದ ಮೇಲೆ 'ಬೇಕಾದಾಗಷ್ಟೇ ತರಿಸು' ಅನ್ನೋದರ ಬದಲು 'ಇರಲಿ ಅಂತ ಇಟ್ಟುಕೋ' ಅನ್ನುವವರು ಜಾಸ್ತಿ ಆದದ್ದು, ಎಐ ಫೋರ್ಕಾಸ್ಟ್, ಮಾಲು ಎಲ್ಲಿಂದ ಬಂತು ಅಂತ ಜಾಡು ಹಿಡಿಯೋದು. ಇಟ್ಟುಕೋ ಅಂದಾಗ ನನಗೆ ನಗು ಬಂತು. ವಾರ ವಾರ ಸರ್ಕಾರದ ಪೋರ್ಟಲ್‌ಗೆ ಸ್ಟಾಕ್ ಲೆಕ್ಕ ಹಾಕುವವರು ಎಲ್ಲಿ ಇಟ್ಟುಕೊಳ್ಳೋಣ? ಜಾಡು ಅಂದಾಗ ಸುಮ್ಮನಾದೆ. ನಮ್ಮ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್ (ಈ ಸೀಮೆಯದೇ ಮಾಲು ಅನ್ನೋ ಗುರುತು) ಬಂದಿದೆ, ಆದರೆ ಗಂಜ್‌ನಲ್ಲಿ ಸುರಿದ ಮೇಲೆ ಯಾವ ಚೀಲ ಯಾವ ಹೊಲದ್ದು ಅಂತ ಯಾರು ಹೇಳಬೇಕು?

ಎರಡನೇ ದಿನ ಮೇಷ್ಟ್ರು ಬೋರ್ಡ್ ಮೇಲೆ ಒಂದು ಚಾಟಿ ಬರೆದರು. ಬುಲ್‌ವಿಪ್ ಅಂತೆ. ಹಿಡಿ ಸ್ವಲ್ಪ ಅಲುಗಿದರೆ ತುದಿ ಎಲ್ಲಿಗೋ ಹೋಗುತ್ತೆ. ಮಕ್ಕಳು ಡಯಾಪರ್ ಬಳಸೋದು ದಿನಾ ಒಂದೇ ಸಮ. ಆದರೂ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ಗೆ ಡಿಸ್ಟ್ರಿಬ್ಯೂಟರ್‌ಗಳಿಂದ ಬರುವ ಡಯಾಪರ್ ಆರ್ಡರ್ ಕುಣಿಯುತ್ತಿತ್ತಂತೆ. 1997ರಲ್ಲಿ ಲೀ, ಪದ್ಮನಾಭನ್, ವಾಂಗ್ ಅನ್ನುವ ಮೂವರು ಸಂಶೋಧಕರು ಇದಕ್ಕೆ ನಾಲ್ಕು ಕಾರಣ ಬರೆದರು. ಮಾಲು ಕಡಿಮೆ ಇದ್ದಾಗ ಕೇಳಿದ್ದರಲ್ಲಿ ಪಾಲು ಹಾಕಿ ಕೊಟ್ಟರೆ, ಗಿರಾಕಿ ಸುಳ್ಳು ಆರ್ಡರ್ ಕೊಡುತ್ತಾನೆ ಅನ್ನೋದು ಅದರಲ್ಲೊಂದು. ಇದ್ದದ್ದನ್ನು ಹಿಂದಿನ ಮಾರಾಟ ನೋಡಿ ಹಂಚಿ, ಆರ್ಡರ್ ನೋಡಿ ಅಲ್ಲ ಅನ್ನೋದು ಅವರ ಮದ್ದು. ಪಕ್ಕದವರು ನೋಟ್ಸ್ ಬರೆಯುತ್ತಿದ್ದರು. ನನಗೆ ಹೈದರಾಬಾದಿನ ನಗು ಕೇಳಿಸುತ್ತಿತ್ತು.

ಬಂದು ಸಾವ್ಕಾರರಿಗೆ ಹೇಳಿದೆ. ಅವರು ಎಐ ಸಾಫ್ಟ್‌ವೇರ್ ಕೊಂಡರು. ಅದಕ್ಕೆ ನಾವು ತಿನ್ನಿಸೋದು ಅದೇ ಆರ್ಡರ್ ಶೀಟ್. ಗೆರೆ ಮಾತ್ರ ಈಗ ಬಣ್ಣ ಬಣ್ಣ. ನಾನು ಈಗ ಪಾರ್ಟಿಗಳಿಗೆ "ಎಷ್ಟು ಬೇಕ್ರಿ" ಅನ್ನಲ್ಲ, "ಹ್ವಾದ ವಾರ ಎಷ್ಟು ಹೋತ್ರಿ" ಅಂತೀನಿ. ಅರ್ಧಕ್ಕರ್ಧ ಜನ ಅದಕ್ಕೂ ಸುಳ್ಳೇ ಹೇಳುತ್ತಾರೆ, ಆದರೆ ಸಣ್ಣ ಸುಳ್ಳು.

ಕಾಟಾ ಹತ್ತಿರ ಚಹಾ ಕುಡಿಯುವಾಗ ಕಾಕಾನನ್ನೂ ಕೇಳ್ತೀನಿ. ಹೋದ ತಿಂಗಳು ಮಳೆಯಲ್ಲಿ ಅವರ ತಗಡಿನ ಮನೆ ಸೋರತೊಡಗಿತು. "ಆ ದೀಪಾವಳಿ ರೋಲ್ ಒಂದು ಒಯ್ಲೇನ್ರಿ ಸರ್?" ಅಂದರು. ಒಯ್ಯಿರಿ ಅಂದೆ. ಅದಕ್ಕೇ ಈಗ ಹನ್ನೊಂದು.